ನೀರಡಿಯ ತಾಣಕ್ಕೆ ಕಾವಲು ಯಾರು?

ಆಸ್ಟ್ರಿಯಾ ದೇಶದ ಸ್ಟೈರಿಯಾ ಪ್ರಾಂತ್ಯದಲ್ಲಿ, ಹೋಖ್‌ಶ್ವಾಬ್ ಪರ್ವತಶ್ರೇಣಿಯ ಬುಡದಲ್ಲಿ, ಟ್ರಾಗೋಸ್ ಎಂಬ ಪುಟ್ಟ ಊರಿದೆ. ಅಲ್ಲಿನ ‘ಗ್ರೂನರ್ ಸೇ’, ಎಂದರೆ ಹಸಿರು ಕೆರೆ, ಚಳಿಗಾಲದಲ್ಲಿ ಒಂದೆರಡು ಮೀಟರ್ ಆಳದ ಸಾಮಾನ್ಯ ಹೊಂಡ. ಅದರ ಸುತ್ತ ಹುಲ್ಲುಗಾವಲು, ನಡೆದಾಡುವ ಹಾದಿ, ಕುಳಿತುಕೊಳ್ಳಲು ಮರದ ಬೆಂಚುಗಳು, ದಾಟಲು ಒಂದು ಕಾಲುಸಂಕ. ವಸಂತದಲ್ಲಿ ಬೆಟ್ಟದ ಹಿಮ ಕರಗತೊಡಗಿದಾಗ ಕೆರೆಯ ನೀರು ಏರುತ್ತದೆ. ಹಿಮ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಆಳವು ಸುಮಾರು 10 ಮೀಟರಿಗೆ ತಲುಪಿ, ಹಾದಿ, ಬೆಂಚು, ಕಾಲುಸಂಕ, ಹುಲ್ಲು, ಹೂವು ಎಲ್ಲವೂ ಕನ್ನಡಿಯಂತಹ ತಿಳಿನೀರಿನಡಿಯಲ್ಲಿ ಕೆಲವು ವಾರ ಮುಳುಗಿರುತ್ತವೆ. ಬೇಸಿಗೆ ಕಳೆದಂತೆ ನೀರು ಇಳಿದು ಹಾದಿ ಮತ್ತೆ ನಡೆಯಲು ಸಿಗುತ್ತದೆ.

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವ ಸ್ಕೂಬಾ ಹವ್ಯಾಸಿಗಳಿಗೆ ಇದಕ್ಕಿಂತ ವಿಚಿತ್ರವಾದ ತಾಣ ಬೇರೆ ಸಿಕ್ಕೀತೇ? ಮುಳುಗಿದ ಬೆಂಚಿನ ಮೇಲೆ ಕುಳಿತ ಮುಳುಗುಗಾರರ ಛಾಯಾಚಿತ್ರಗಳು ಜಗತ್ತಿಗೆಲ್ಲ ಹಬ್ಬಿದವು. ಹಿಮದಷ್ಟೇ ತಣ್ಣಗಿನ ನೀರಿದ್ದರೂ ಜನ ದೂರದೂರದಿಂದ ಬಂದರು. ಬಂದವರ ಕಾಲಿನ ಈಜುರೆಕ್ಕೆಗಳ ಬಡಿತಕ್ಕೆ ತಳದ ಕೆಸರು ಕದಡಿತು, ನೀರಡಿಯ ಹುಲ್ಲು ಕಿತ್ತುಬಂದಿತು, ದಂಡೆ ಸವೆಯಿತು. ಕೊನೆಗೆ ಸ್ಥಳೀಯ ಆಡಳಿತವು 2016ರ ಆರಂಭದಿಂದ ಆ ಕೆರೆಯಲ್ಲಿ ಮುಳುಗುವುದನ್ನು ನಿಷೇಧಿಸಿತು. ಕೆರೆಯನ್ನು ಈಗ ದಂಡೆಯ ಮೇಲಿಂದ ನೋಡಬಹುದು, ಅಷ್ಟೇ.

ಮುಳುಗಿದ ಹಾದಿಯೊಂದು ಮಲೆನಾಡಿನ ಓದುಗರಿಗೆ ವಿನೋದದ ಸಂಗತಿಯಾಗಿ ಕಾಣಲಾರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕೊಳ್ಳದ ಊರುಗಳ ಜೊತೆಗೆ, ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ನೀರಿನ ಪಾಲಾಯಿತು. ಮಳೆ ಕೈಕೊಟ್ಟ ವರ್ಷ ಜಲಾಶಯ ಬತ್ತಿದಾಗ ಆ ಕಟ್ಟಡ ತಲೆಯೆತ್ತುತ್ತದೆ; ನೋಡಲು ಜನ ಮುಗಿಬೀಳುತ್ತಾರೆ. ಮುಳುಗಿದ್ದರ ಬಗೆಗೆ ಮನುಷ್ಯನಿಗಿರುವ ಕುತೂಹಲ ಸಹಜವಾದುದು, ಅದನ್ನು ದೂಷಿಸಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕುತೂಹಲದಿಂದ ಬಂದವರು ತಾಣವನ್ನು ಹಾಳುಮಾಡಿ ಹೋಗುವುದು ಎಲ್ಲಿ, ಅದರ ಕಾವಲುಗಾರರಾಗಿ ನಿಲ್ಲುವುದು ಎಲ್ಲಿ? ಈ ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣವೇನು? ಉತ್ತರ ಕನ್ನಡದ ಕಡಲಿನಲ್ಲಿ ನೇತ್ರಾಣಿ ದ್ವೀಪವಿರುವವರೆಗೆ ಇದು ಆಸ್ಟ್ರಿಯಾದ ಪ್ರಶ್ನೆ ಮಾತ್ರವಲ್ಲ.

ಸಂಘವೆಂಬ ಕಟ್ಟುಪಾಡು

ಉತ್ತರಕ್ಕಾಗಿ ಬ್ರಿಟನ್ನಿನ ಕಡೆ ನೋಡುವುದು ಉಪಯುಕ್ತ. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾ 1943ರಲ್ಲಿ ರೂಪಿಸಿದ ಉಸಿರಾಟದ ಸಾಧನ ಯುದ್ಧಾನಂತರ ಸಾರ್ವಜನಿಕರ ಕೈಸೇರಿತು. 1953ರಲ್ಲಿ ಲಂಡನ್ನಿನಲ್ಲಿ ‘ಬ್ರಿಟಿಷ್ ಸಬ್-ಆಕ್ವಾ ಕ್ಲಬ್’ ಸ್ಥಾಪನೆಯಾಯಿತು. ಅದು ಶಾಖೆಗಳಾಗಿ ಊರೂರಿಗೆ ಹರಡಿತು. ಪ್ರತಿ ಶಾಖೆಯೂ ತನ್ನದೇ ಪದಾಧಿಕಾರಿಗಳು, ತನ್ನದೇ ಲೆಕ್ಕಪತ್ರವುಳ್ಳ ಪುಟ್ಟ ಸಂಘ. ಸ್ವರೂಪದಲ್ಲಿ ಅದು ಮಲೆನಾಡಿನ ಯುವಕ ಸಂಘ, ಯಕ್ಷಗಾನ ಸಂಘಗಳಿಗಿಂತ ಬಹಳ ಭಿನ್ನವಾದುದೇನಲ್ಲ.

ಇಂತಹ ಶಾಖೆಯ ಬದುಕು ಬಹುಮಟ್ಟಿಗೆ ಕಡಲಿನಿಂದ ದೂರವೇ ನಡೆಯುತ್ತದೆ. ವಾರಕ್ಕೊಂದು ಸಂಜೆ, ಸಾರ್ವಜನಿಕರ ಸಮಯ ಮುಗಿದ ಮೇಲೆ, ಊರಿನ ಈಜುಕೊಳದಲ್ಲಿ ಅಭ್ಯಾಸ. ಮುಖವಾಡಕ್ಕೆ ನೀರು ನುಗ್ಗಿದರೆ ಗಾಬರಿಯಾಗದೆ ಹೊರಹಾಕುವುದು ಹೇಗೆ, ಜೊತೆಗಾರನ ಗಾಳಿ ಮುಗಿದರೆ ತನ್ನದನ್ನು ಹಂಚಿಕೊಳ್ಳುವುದು ಹೇಗೆ ಎಂಬುದನ್ನು ಹೊಸಬರು ಅಲ್ಲಿ ಕಲಿಯುತ್ತಾರೆ. ಕಲಿಸುವವರು ಸಂಬಳದ ಶಿಕ್ಷಕರಲ್ಲ. ನಾಲ್ಕಾರು ವರ್ಷ ಮೊದಲು ಅದೇ ಕೊಳದಲ್ಲಿ ಕಲಿತ ಬಡಗಿ, ದಾದಿ, ಶಾಲಾ ಮಾಸ್ತರು. ಬಳಿಕ ತರಗತಿ. ಪ್ರತಿ 10 ಮೀಟರ್ ಇಳಿದಾಗಲೂ ದೇಹದ ಮೇಲಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ; ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗುತ್ತದೆ; ಅವಸರದಿಂದ ಮೇಲೇರಿದರೆ ಅದೇ ಸಾರಜನಕ ಗುಳ್ಳೆಗಳಾಗಿ ಕೀಲು, ನರಗಳನ್ನು ಘಾಸಿಗೊಳಿಸುತ್ತದೆ. ಈ ಪಾಠ ಮನದಟ್ಟಾಗದೆ ಯಾರನ್ನೂ ಆಳಕ್ಕೆ ಕರೆದೊಯ್ಯುವುದಿಲ್ಲ.

ಉಳಿದದ್ದೆಲ್ಲ ದುಡಿಮೆ. ಸಂಘದ ಕಂಪ್ರೆಸರಿನಿಂದ ಸಿಲಿಂಡರ್ ತುಂಬಿಸುವ ಸರದಿ, ರಬ್ಬರ್ ದೋಣಿಗೆ ತೇಪೆ ಹಾಕುವ ಸರದಿ, ಚಹಾ ಕಾಯಿಸುವ ಸರದಿ. ಯಾರು, ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ನಿಮಿಷ ಇಳಿದರು, ಏನು ಕಂಡರು, ನೀರಿನ ತಾಪವೆಷ್ಟು, ಎಷ್ಟು ದೂರ ಕಾಣುತ್ತಿತ್ತು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಒಬ್ಬಂಟಿಯಾಗಿ ಇಳಿಯಕೂಡದು ಎಂಬುದು ಮೊದಲ ನಿಯಮವಾದರೆ, ಕಂಡದ್ದನ್ನು ಬರೆಯದೆ ಬಿಡಕೂಡದು ಎಂಬುದು ಎರಡನೆಯದು.

ಬ್ರಿಟನ್ನಿನ ಕಡಲು ತಣ್ಣಗಿನದು, ಬಿರುಗಾಳಿಯದು. ಆದುದರಿಂದ ಒಳನಾಡಿನ ಸಂಘಗಳು ಸಿಕ್ಕ ನೀರನ್ನೆಲ್ಲ ಹುಡುಕಿಕೊಂಡವು. ಲೆಸ್ಟರ್‌ಶೈರ್ ಕಡಲಿನಿಂದ ಬಹು ದೂರದ ಸೀಮೆ. ಅಲ್ಲಿನ ಸ್ಟೋನಿ ಕೋವ್ ಎಂಬ ಗ್ರಾನೈಟ್ ಕ್ವಾರಿಯಲ್ಲಿ 1958ರಲ್ಲಿ ಕಲ್ಲು ತೆಗೆಯುವುದು ನಿಂತಿತು. ಒರತೆಯ ನೀರು ಅದನ್ನು ತುಂಬಿತು. ಹವ್ಯಾಸಿಗಳು ಅದನ್ನು ಅಭ್ಯಾಸಕ್ಕೆ ಬಳಸತೊಡಗಿದರು. ಉತ್ತರ ಸಮುದ್ರದ ತೈಲಬಾವಿಗಳಲ್ಲಿ ದುಡಿಯಲಿದ್ದ ಮುಳುಗುಗಾರರೂ ಅಲ್ಲಿಯೇ ತರಬೇತಿ ಪಡೆದರು. ಕಲ್ಲು ಕಡಿದ ಮೆಟ್ಟಿಲುಗಳೇ ಕಲಿಯುವವರಿಗೆ ಬೇರೆ ಬೇರೆ ಆಳದ ಜಗಲಿಗಳಾದವು. 2000ರಲ್ಲಿ ‘ಸ್ಟೇನ್‌ಗಾರ್ತ್’ ಎಂಬ ಹಳೆಯ ಟಗ್ ದೋಣಿಯನ್ನು, ತೈಲ ಮತ್ತಿತರ ಕಲ್ಮಶ ತೆಗೆದು, ಅಲ್ಲಿ ಬೇಕೆಂದೇ ಮುಳುಗಿಸಲಾಯಿತು. ನಿಜವಾದ ಹಡಗಿನ ಅವಶೇಷವನ್ನು ಮುಟ್ಟುವ ಮೊದಲು ಕೈ ಪಳಗಿಸಿಕೊಳ್ಳಲು ಅದು ಅನುಕೂಲವಾಯಿತು.

ಕ್ವಾರಿ ಹೊಂಡವೆಂದರೆ ಮಲೆನಾಡು, ಕರಾವಳಿಗಳಲ್ಲಿ ನೆನಪಾಗುವುದು ಬೇರೆಯೇ ಚಿತ್ರ. ಚಿರೆಕಲ್ಲು, ಕರಿಕಲ್ಲು ತೆಗೆದು ಹಾಗೆಯೇ ಬಿಟ್ಟುಹೋದ ಹೊಂಡಗಳು ಮಳೆಗಾಲದಲ್ಲಿ ತುಂಬುತ್ತವೆ. ಬೇಲಿಯಿಲ್ಲ, ಫಲಕವಿಲ್ಲ, ಆಳದ ಅಳತೆಯಿಲ್ಲ. ಈಜಲು ಇಳಿದ ಹುಡುಗರು ಮರಳಿ ಬಾರದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬ್ರಿಟನ್ನಿನಲ್ಲಿಯೂ ದಿಕ್ಕಿಲ್ಲದ ಕ್ವಾರಿ ಹೊಂಡಗಳು ಇಂದಿಗೂ ಜೀವ ತೆಗೆಯುತ್ತಿವೆ. ಕಲ್ಲು ಅದೇ, ನೀರು ಅದೇ. ಆದರೆ ಒಂದು ಹೊಂಡಕ್ಕೆ ಹೊಣೆ ಹೊತ್ತವರಿದ್ದಾರೆ, ಇನ್ನೊಂದಕ್ಕೆ ಇಲ್ಲ.

ಬರೆದಿಟ್ಟವರು ಉಳಿಸಿದರು

ಸಂಘದ ದಾಖಲೆ ಪುಸ್ತಕಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು.

1545ರ ಜುಲೈ 19ರಂದು ಎಂಟನೆಯ ಹೆನ್ರಿಯ ‘ಮೇರಿ ರೋಸ್’ ಯುದ್ಧನೌಕೆ ಪೋರ್ಟ್ಸ್‌ಮತ್ ಬಳಿ ಮುಳುಗಿ ಕೆಸರಿನಲ್ಲಿ ಹೂತುಹೋಯಿತು. ಅದನ್ನು ಹುಡುಕಲು 1965ರಲ್ಲಿ ಹೊರಟವರು ಸರ್ಕಾರದ ತಜ್ಞರಲ್ಲ. ಅಲೆಕ್ಸಾಂಡರ್ ಮೆಕೀ ಎಂಬ ಹವ್ಯಾಸಿ ಇತಿಹಾಸಕಾರ ಮತ್ತು ಸೌತ್‌ಸೀ ಶಾಖೆಯ ಮುಳುಗುಗಾರರು. ಕಲಕು ನೀರಿನಲ್ಲಿ, ರಜಾದಿನಗಳಲ್ಲಿ, ಆರು ವರ್ಷ ಹುಡುಕಿದ ಮೇಲೆ 1971ರಲ್ಲಿ ಹಡಗಿನ ಮರದ ಚೌಕಟ್ಟು ಸಿಕ್ಕಿತು. ಮುಂದಿನ ಉತ್ಖನನದಲ್ಲಿ 500ಕ್ಕೂ ಹೆಚ್ಚು ಸ್ವಯಂಸೇವಕರು ನೀರಿಗಿಳಿದು ದುಡಿದರು. 1982ರ ಅಕ್ಟೋಬರ್ 11ರಂದು ಹಡಗಿನ ಒಡಲನ್ನು ಮೇಲೆತ್ತಲಾಯಿತು. ಈ ನಡುವೆ 1973ರಲ್ಲಿ ಐತಿಹಾಸಿಕ ನೌಕಾವಶೇಷಗಳನ್ನು ರಕ್ಷಿಸುವ ಕಾಯಿದೆಯೂ ಬಂದಿತು.

ಎರಡನೆಯದು ಜೀವಿಗಳಿಗೆ ಸಂಬಂಧಿಸಿದ್ದು. 1980ರ ದಶಕದ ನಡುವಿನಿಂದ ‘ಸೀಸರ್ಚ್’ ಎಂಬ ಕಾರ್ಯಕ್ರಮದಡಿ ಬ್ರಿಟನ್ನಿನ ಹವ್ಯಾಸಿ ಮುಳುಗುಗಾರರು ಕಡಲತಳದಲ್ಲಿ ಕಂಡ ಜೀವಿಗಳನ್ನು ನಿಗದಿತ ನಮೂನೆಯಲ್ಲಿ ದಾಖಲಿಸುತ್ತ ಬಂದಿದ್ದಾರೆ. ಇಂಗ್ಲೆಂಡಿನ ನೈಋತ್ಯದ ಲೈಮ್ ಕೊಲ್ಲಿಯಲ್ಲಿ ಬೀಸಣಿಗೆಯಾಕಾರದ ನಸುಗೆಂಪು ಹವಳಜೀವಿಯೊಂದಿದೆ. ಅದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಚಿಪ್ಪುಮೀನಿಗಾಗಿ ಕಬ್ಬಿಣದ ಹಲ್ಲುಗಳ ಬಲೆಯನ್ನು ತಳದಲ್ಲಿ ಎಳೆದಾಗ, ಹಲವು ದಶಕಗಳ ಬೆಳವಣಿಗೆ ಕ್ಷಣಮಾತ್ರದಲ್ಲಿ ನೆಲಸಮವಾಗುತ್ತಿತ್ತು. ದಂಡೆಯ ಮೇಲೆ ನಿಂತವರಿಗೆ ಇದು ಕಾಣುವಂತಿರಲಿಲ್ಲ. ಇಳಿದು ನೋಡಿದವರು ವರ್ಷವರ್ಷವೂ ಬರೆದಿಟ್ಟರು. 2008ರಲ್ಲಿ ಸರ್ಕಾರವು ಅಲ್ಲಿ 60 ಚದರ ನಾಟಿಕಲ್ ಮೈಲಿ ಪ್ರದೇಶದಲ್ಲಿ ಇಂತಹ ಎಳೆಬಲೆಗಳನ್ನು ನಿಷೇಧಿಸಿದಾಗ, ಆ ನಿರ್ಧಾರದ ಹಿಂದಿನ ಸಾಕ್ಷ್ಯದಲ್ಲಿ ಹವ್ಯಾಸಿಗಳ ದಾಖಲೆಗಳೂ ಸೇರಿದ್ದವು.

ಮಲೆನಾಡಿಗೆ ಇದು ಅಪರಿಚಿತವಾದ ಶಿಸ್ತಲ್ಲ. ಮಳೆಮಾಪಕದ ಅಳತೆಯನ್ನು ದಿನವೂ ಬೆಳಿಗ್ಗೆ ಓದಿ ಹಳೆಯ ಡೈರಿಯಲ್ಲಿ ಬರೆದಿಡುವ ಅಡಿಕೆ ಬೆಳೆಗಾರರ ಮನೆಗಳು ಇಲ್ಲಿ ಸಾಕಷ್ಟಿವೆ. ತಂದೆ ಆರಂಭಿಸಿದ್ದನ್ನು ಮಗ ಮುಂದುವರಿಸಿದ್ದುಂಟು. ಒಂದು ದಿನದ ಅಳತೆಗೆ ಯಾವ ಬೆಲೆಯೂ ಇಲ್ಲ. ಮೂವತ್ತು ವರ್ಷದ ಅಳತೆ ಒಂದೆಡೆ ಸೇರಿದಾಗ ಮುಂಗಾರು ತಡವಾಗುತ್ತಿರುವುದು, ಒಂದೇ ದಿನ ಸುರಿಯುವ ಮಳೆ ಹೆಚ್ಚುತ್ತಿರುವುದು ನಿಚ್ಚಳವಾಗಿ ಕಾಣುತ್ತದೆ. ಮುಳುಗುಗಾರನ ಪುಸ್ತಕವೂ ಇಂತಹುದೇ. ಒಮ್ಮೆ ಬಂದು ಹೋದವನ ಬೆರಗಿನಿಂದ ವಿಜ್ಞಾನಕ್ಕೆ ಲಾಭವಿಲ್ಲ. ಅದೇ ಬಂಡೆಗೆ ನೂರು ಸಲ ಇಳಿದವನ ಲೆಕ್ಕದಿಂದ ಇದೆ.

ಸಂಘದ ತಪ್ಪುಗಳು

ಇಷ್ಟು ಹೇಳಿದ ಮಾತ್ರಕ್ಕೆ ಸಂಘಗಳು ಸಾಧುಸಂತರ ಕೂಟಗಳೆಂದು ಭಾವಿಸಬಾರದು. ಆರಂಭದ ದಶಕಗಳಲ್ಲಿ ಮುಳುಗುಗಾರರ ಕೈಯಲ್ಲಿ ಮೀನಿಗೆ ಹೊಡೆಯುವ ಈಟಿ ಇರುತ್ತಿತ್ತು. ಹಡಗಿನ ಹಿತ್ತಾಳೆಯ ಕಿಟಕಿ ಕಿತ್ತು ಮನೆಗೆ ತರುವುದು ಶೌರ್ಯವೆನಿಸಿತ್ತು. ಕಡಲಚೆಲುವೆಂದು ಬದುಕಿರುವ ಚಿಪ್ಪು, ಕಂಟಕಚರ್ಮಿಗಳನ್ನು ಹೆಕ್ಕಿ ತಂದರು. ಇದು ಸರಿಯಲ್ಲವೆಂಬ ಅರಿವು ಸಂಘಗಳ ಒಳಗಿನಿಂದಲೂ ಹುಟ್ಟಿತು. 1977ನ್ನು ಬ್ರಿಟನ್ನಿನಲ್ಲಿ ನೀರಡಿಯ ಸಂರಕ್ಷಣೆಯ ವರ್ಷವಾಗಿ ಆಚರಿಸಲಾಯಿತು; ಆ ಪ್ರಯತ್ನವೇ ಬೆಳೆದು ಮುಂದೆ ಕಡಲ ಸಂರಕ್ಷಣೆಯ ಪ್ರಮುಖ ಸಂಸ್ಥೆಯಾಯಿತು.

ವಿನೋದವೂ ಕೆಲವೊಮ್ಮೆ ವಿಪರೀತಕ್ಕೆ ಹೋದದ್ದುಂಟು. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವಿನ ವಾಸ್ಟ್‌ವಾಟರ್ ಆ ದೇಶದ ಅತ್ಯಂತ ಆಳದ ಸರೋವರ. ಆಳ 79 ಮೀಟರ್. ಅದರ ತಳ ಬರಿಯ ಕೆಸರು, ನೋಡಲು ಏನೂ ಇಲ್ಲ. ಬೇಸರ ಕಳೆಯಲೆಂದು ಯಾರೋ ಸುಮಾರು 48 ಮೀಟರ್ ಆಳದಲ್ಲಿ ಕೈತೋಟದ ಕುಳ್ಳರ ಗೊಂಬೆಗಳನ್ನಿಟ್ಟು, ಪುಟ್ಟ ಬೇಲಿಯನ್ನೂ ಕಟ್ಟಿದರು. ಆ ‘ಗೊಂಬೆ ತೋಟ’ ನೋಡಲು ಜನ ಇಳಿಯತೊಡಗಿದರು. ಅಷ್ಟು ಆಳದಲ್ಲಿ ಒತ್ತಡ ಮೇಲಿನದರ ಆರು ಪಟ್ಟಿನಷ್ಟಾಗುತ್ತದೆ. ಸಾರಜನಕ ಮದ್ಯದಂತೆ ಬುದ್ಧಿಯನ್ನು ಮಂಕಾಗಿಸುತ್ತದೆ. 1990ರ ದಶಕದ ಕೊನೆಯ ಭಾಗದಲ್ಲಿ ಆ ಸರೋವರದಲ್ಲಿ ಮೂವರು ಪ್ರಾಣ ಕಳೆದುಕೊಂಡ ಮೇಲೆ ಪೊಲೀಸ್ ಮುಳುಗುಗಾರರು ಗೊಂಬೆಗಳನ್ನು ತೆಗೆದುಹಾಕಿದರು. ಪೊಲೀಸರು 50 ಮೀಟರಿಗಿಂತ ಕೆಳಗಿಳಿಯುವಂತಿಲ್ಲ ಎಂಬುದನ್ನು ಅರಿತು ಅದಕ್ಕೂ ಆಳದಲ್ಲಿ ಹೊಸ ತೋಟವನ್ನಿಟ್ಟಿದ್ದಾರೆಂಬ ಸುದ್ದಿ ಆಮೇಲೆ ಹಬ್ಬಿತು. ನಿಯಮಕ್ಕಿಂತ ಪಂದ್ಯ ದೊಡ್ಡದಾದಾಗ ಆಗುವ ಅನಾಹುತವಿದು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. 2010ರಲ್ಲಿ ಇಂಗ್ಲೆಂಡಿನ ಗ್ರ್ಯಾಫಮ್ ಜಲಾಶಯದಲ್ಲಿ ಪರದೇಶದ ‘ಕೊಲೆಗಡುಕ ಸೀಗಡಿ’ ಕಾಣಿಸಿಕೊಂಡಿತು. ಅದು ಸ್ಥಳೀಯ ಸಣ್ಣ ಜಲಜೀವಿಗಳನ್ನು ತಿನ್ನುವುದು ಮಾತ್ರವಲ್ಲ, ಸುಮ್ಮನೆ ಕೊಂದೂ ಹಾಕುತ್ತದೆ. ಇಂತಹ ಜೀವಿಗಳು ಒದ್ದೆ ಬಟ್ಟೆ, ಬೂಟು, ದೋಣಿಗಳಿಗೆ ಅಂಟಿಕೊಂಡು ಒಂದು ನೀರಿನಿಂದ ಇನ್ನೊಂದಕ್ಕೆ ದಾಟಬಲ್ಲವು. 2011ರಿಂದ ಅಲ್ಲಿ ‘ಪರೀಕ್ಷಿಸಿ, ತೊಳೆಯಿರಿ, ಒಣಗಿಸಿ’ ಎಂಬ ಆಂದೋಲನ ನಡೆದಿದೆ. ಗಾಳ ಹಾಕುವವರು, ದೋಣಿ ನಡೆಸುವವರು, ಮುಳುಗುವವರು ಎಲ್ಲರಿಗೂ ಅದು ಅನ್ವಯ. ಲಂಟಾನ, ಯುಪಟೋರಿಯಂಗಳು ಬೆಟ್ಟ, ಗೋಮಾಳಗಳನ್ನು ನುಂಗಿದ ಪರಿಯನ್ನು ಕಂಡ ಮಲೆನಾಡಿನವರಿಗೆ ಈ ಎಚ್ಚರಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಸಂಘಗಳೂ ತಪ್ಪು ಮಾಡುತ್ತವೆ. ಆದರೆ ಸಂಘಕ್ಕೆ ಸಭೆಯಿದೆ, ನಡಾವಳಿ ಪುಸ್ತಕವಿದೆ, ತಪ್ಪಿದವನನ್ನು ಹೆಸರು ಹಿಡಿದು ಕೇಳುವ ಹಿರಿಯರಿದ್ದಾರೆ. ಗ್ರೂನರ್ ಸೇಗೆ ಬಂದವರಲ್ಲಿ ಬಹುಪಾಲು ಜನ ಒಂದು ಸಲ ಬಂದು ಚಿತ್ರ ತೆಗೆದುಕೊಂಡು ಹೋದವರು. ಅವರನ್ನು ಕೇಳುವವರು ಯಾರು? ಕೇಳುವವರಿಲ್ಲದ ಕಡೆ ಆಡಳಿತಕ್ಕೆ ಉಳಿಯುವುದು ನಿಷೇಧವೊಂದೇ.

ನೇತ್ರಾಣಿಯ ಮುಂದಿರುವ ದಾರಿ

ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ನೇತ್ರಾಣಿ ನಿಂತಿದೆ. ಪಾರಿವಾಳಗಳಿಂದಾಗಿ ಅದಕ್ಕೆ ಪಾರಿವಾಳ ದ್ವೀಪವೆಂಬ ಹೆಸರೂ ಉಂಟು. ಮೇಲ್ಗಡೆ ಕಾಡು, ಬಿಳಿಹೊಟ್ಟೆಯ ಕಡಲಹದ್ದು, ಗವಿಗಳಲ್ಲಿ ಗೂಡು ಕಟ್ಟುವ ಬಾನಾಡಿಗಳು. ನೀರಡಿಯ ಬಂಡೆಗಳ ಮೇಲೆ ಹವಳ, ಅದರ ನಡುವೆ ಬಣ್ಣಬಣ್ಣದ ಮೀನುಗಳು. ಕರ್ನಾಟಕದ ಕಡಲಿನಲ್ಲಿ ಹವಳದ ಸಮೃದ್ಧಿ ಇಷ್ಟರಮಟ್ಟಿಗೆ ಕಾಣುವ ತಾಣಗಳು ಅಪರೂಪ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುರಿಯಭ್ಯಾಸಕ್ಕೆ ಬಳಸುತ್ತಿದ್ದಾಗ ಪರಿಸರಾಸಕ್ತರು ದನಿಯೆತ್ತಿದ್ದನ್ನು ಹಿರಿಯ ಓದುಗರು ಮರೆತಿರಲಾರರು.

ಈ ಶತಮಾನದ ಮೊದಲ ದಶಕದಿಂದ ಅಲ್ಲಿ ಸ್ಕೂಬಾ ಪ್ರವಾಸ ಬೆಳೆದಿದೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಮುಂದಿನ ಮುಂಗಾರಿನವರೆಗೆ ವಾರಾಂತ್ಯಗಳಲ್ಲಿ ಬೆಂಗಳೂರಿನ ಕಡೆಯಿಂದ ಜನ ಬರುತ್ತಾರೆ. ಈಜು ಬಾರದವರನ್ನೂ ತರಬೇತುದಾರರು ಕೈಹಿಡಿದು ಸ್ವಲ್ಪ ಹೊತ್ತು ನೀರೊಳಗೆ ಸುತ್ತಾಡಿಸಿ ಕರೆತರುತ್ತಾರೆ. ಚಿತ್ರ ತೆಗೆಸಿಕೊಂಡು ಅವರು ಹಿಂದಿರುಗುತ್ತಾರೆ. ಇದರಲ್ಲಿ ಅಪರಾಧವೇನೂ ಇಲ್ಲ. ಕೆಲವು ಕುಟುಂಬಗಳಿಗೆ ಜೀವನೋಪಾಯವೂ ಆಗಿದೆ. ಶ್ರದ್ಧೆಯಿಂದ ನಡೆಸುವವರೂ ಇದ್ದಾರೆ. ಆದರೆ ನೇತ್ರಾಣಿಗೆ ಸಿಕ್ಕಿರುವುದು ಗಿರಾಕಿಗಳು, ಸದಸ್ಯರಲ್ಲ. ಮುಳುಗುವಿಕೆ ಅಲ್ಲಿ ವ್ಯವಹಾರವಾಗಿ ಬೆಳೆದಿದೆಯೇ ಹೊರತು ಊರಿನವರ ಸಂಘಜೀವನವಾಗಿ ಬೆಳೆದಿಲ್ಲ. ಕಳೆದ ವರ್ಷ ಒಂದು ಬಂಡೆಯ ಮೇಲೆ ಎಷ್ಟು ಹವಳವಿತ್ತು, ಈ ವರ್ಷ ಎಷ್ಟಿದೆ ಎಂದು ಭಟ್ಕಳದ ವಿದ್ಯಾರ್ಥಿಯೊಬ್ಬ ಕೇಳಿದರೆ, ತೆರೆದು ತೋರಿಸಲು ಊರಿನಲ್ಲಿ ಒಂದು ಪುಸ್ತಕವಿರಬೇಕಾಗಿತ್ತು.

ಆ ಪುಸ್ತಕದ ಅಗತ್ಯ ಈಗ ಹೆಚ್ಚಾಗಿದೆ. ಹವಳದ ಜೀವಿ ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡಿರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತದೆ. ಕಡಲಿನ ತಾಪ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಈ ಸಹಬಾಳ್ವೆ ಮುರಿದು, ಹವಳ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ತಾಪ ಬೇಗ ಇಳಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2014-17ರ ಬಳಿಕ ಜಗತ್ತು ನಾಲ್ಕನೆಯ ಸಲ ವ್ಯಾಪಕ ಬಿಳಿಚುವಿಕೆಯನ್ನು ಎದುರಿಸುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು. ಇಂತಹ ವೇಳೆ ತಿಂಗಳಿಗೊಮ್ಮೆ ಅದೇ ಬಂಡೆಯನ್ನು ನೋಡಿ, ತಾಪ ಅಳೆದು, ಚಿತ್ರ ತೆಗೆದಿಡುವ ಕಣ್ಣುಗಳು ಬೇಕು. ವರ್ಷಕ್ಕೊಮ್ಮೆ ದೂರದಿಂದ ಬರುವ ತಜ್ಞರ ತಂಡದಿಂದ ಮಾತ್ರ ಈ ಕೆಲಸ ಆಗುವಂತಹುದಲ್ಲ.

ಕಡಲಿನ ಹವಳಕ್ಕೂ ಘಟ್ಟದ ಮೇಲಿನ ಹಳ್ಳಿಗೂ ಏನು ಸಂಬಂಧವೆಂದು ಕೇಳಬಹುದು. ಹವಳಕ್ಕೆ ಬೆಳಕು ಬೇಕು. ಹೂಳು ಅದರ ಶತ್ರು. ಗುಡ್ಡ ಕಡಿದು ರಸ್ತೆ ಮಾಡಿದ ಮಣ್ಣು, ಸೊಪ್ಪಿನ ಬೆಟ್ಟ ಬೋಳಾದ ಮೇಲೆ ಕೊಚ್ಚಿಹೋದ ಮೇಲ್ಮಣ್ಣು, ತೋಟಕ್ಕೆ ಸುರಿದು ಬೆಳೆಗೆ ದಕ್ಕದೆ ಹರಿದ ಗೊಬ್ಬರ ಎಲ್ಲವೂ ಹಳ್ಳ ಸೇರಿ, ಹೊಳೆ ಸೇರಿ, ಶರಾವತಿ, ವೆಂಕಟಾಪುರ ನದಿಗಳ ಮೂಲಕ ಇದೇ ಕಡಲಿಗೆ ಇಳಿಯುತ್ತದೆ. ಅದು ಎಷ್ಟು ದೂರ ಸಾಗುತ್ತದೆ, ಯಾವ ತಿಂಗಳು ದ್ವೀಪದ ಬಳಿ ನೀರು ಎಷ್ಟು ಕಲಕಿರುತ್ತದೆ ಎಂಬುದನ್ನು ಕೂಡ ಮುಳುಗುವವರ ದಾಖಲೆಯೇ ಹೇಳಬೇಕು. ಘಟ್ಟದ ಮೇಲೆ ಮಳೆ ಬರೆದಿಡುವವರ ಪುಸ್ತಕ, ಕಡಲಿನಲ್ಲಿ ತಿಳಿನೀರಿನ ಅಳತೆ ಬರೆದಿಡುವವರ ಪುಸ್ತಕ, ಎರಡನ್ನೂ ಒಟ್ಟಿಗಿಟ್ಟು ಓದಿದಾಗ ಮಾತ್ರ ಒಂದು ಹೊಳೆಯ ಪೂರ್ತಿ ಕಥೆ ತಿಳಿಯುತ್ತದೆ.

ಮುಳುಗು ಬಲ್ಲವರು ಇಲ್ಲಿಯೇ ಇದ್ದಾರೆ

ಸಂಘವೆಂದರೆ ನಗರದ ಸಿರಿವಂತರ ಹವ್ಯಾಸ, ಹಳ್ಳಿಯವರಿಗೆ ದಕ್ಕದ್ದು ಎಂಬ ಆಕ್ಷೇಪಣೆ ಬರುವುದು ಖಂಡಿತ. ಸಲಕರಣೆ ದುಬಾರಿಯೆಂಬುದು ನಿಜ. ಆದರೆ ಮುಳುಗು ಬಲ್ಲವರು ಈ ನೆಲಕ್ಕೆ ಹೊಸಬರಲ್ಲ. ಅಲೆ ಬಡಿಯುವ ಬಂಡೆಗಳಿಂದ ನೀಲಿಕಲ್ಲು ಬಿಡಿಸುವವರು, ಅಳಿವೆಯ ತಳದಿಂದ ಬಳಚು ಹೆಕ್ಕುವವರು, ಹೊಳೆಯ ಮರಳು ಎತ್ತುವವರು ಉಸಿರು ಬಿಗಿಹಿಡಿದೇ ದುಡಿಯುತ್ತ ಬಂದಿದ್ದಾರೆ. ಜಲಪಾತದ ಗುಂಡಿಯಲ್ಲೋ ಹೊಳೆಯ ಮಡುವಿನಲ್ಲೋ ಪ್ರವಾಸಿಯೊಬ್ಬ ಮುಳುಗಿದಾಗ ಆಡಳಿತ ಮೊದಲು ಹುಡುಕುವುದು ಊರಿನ ‘ಮುಳುಗು ತಜ್ಞ’ರನ್ನು. ಕತ್ತಲ ನೀರಿಗಿಳಿದು ಶವವನ್ನು ತಂದು ಬಂಧುಗಳಿಗೊಪ್ಪಿಸುವ ಇವರಲ್ಲಿ ಅನೇಕರಿಗೆ ಸರಿಯಾದ ಸಲಕರಣೆಯಿಲ್ಲ, ವಿಮೆಯಿಲ್ಲ, ವ್ಯವಸ್ಥಿತ ತರಬೇತಿಯಿಲ್ಲ. ಮರುದಿನ ಪತ್ರಿಕೆಯಲ್ಲಿ ಒಂದು ಸಾಲಿನ ಹೊಗಳಿಕೆ ಸಿಕ್ಕರೆ ಅದೇ ದೊಡ್ಡದು. ಕರ್ನಾಟಕದ ಮುಳುಗು ಸಂಘದ ಮೊದಲ ಸದಸ್ಯತ್ವ ಸಲ್ಲಬೇಕಾದುದು ಇವರಿಗೆ.

ಅಂತಹ ಸಂಘವೊಂದನ್ನು ಕಟ್ಟುವುದು ಅಸಾಧ್ಯವೇನಲ್ಲ. ಮೀನುಗಾರರ ಸಹಕಾರಿ ಸಂಘಗಳು, ತೀರದ ಗ್ರಾಮ ಪಂಚಾಯಿತಿಗಳು, ಮಂಗಳೂರಿನ ಮೀನುಗಾರಿಕಾ ಕಾಲೇಜು, ಕಾರವಾರದ ಕಡಲಜೀವಶಾಸ್ತ್ರ ವಿಭಾಗ ಒಂದೆಡೆ ಕುಳಿತರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ. ಪ್ರವಾಸಿಯ ಶುಲ್ಕದ ಒಂದು ಪಾಲು ಸ್ಥಳೀಯ ಯುವಕ ಯುವತಿಯರ ತರಬೇತಿಗೆ, ಮುಳುಗು ತಜ್ಞರ ವಿಮೆಗೆ ಮೀಸಲಾಗಲಿ. ನೇತ್ರಾಣಿಯಲ್ಲಿ ಲಂಗರು ಎಸೆದು ಹವಳ ಮುರಿಯುವ ಬದಲು ಶಾಶ್ವತ ತೇಲುಗುರುತಿಗೆ ದೋಣಿ ಕಟ್ಟುವುದು ಕಡ್ಡಾಯವಾಗಲಿ. ದಿನಕ್ಕೆ ಎಷ್ಟು ಜನ ಇಳಿಯಬಹುದೆಂಬ ಮಿತಿಯನ್ನು ದಾಖಲೆಗಳ ಆಧಾರದ ಮೇಲೆ ನಿರ್ಧರಿಸಲಿ. ಪ್ರತಿ ಋತುವಿನಲ್ಲಿ ಅದೇ ಕೆಲವು ಬಂಡೆಗಳನ್ನು ಅಳೆದು, ವರದಿಯನ್ನು ಕನ್ನಡದಲ್ಲಿ ಬರೆದು, ಪಂಚಾಯಿತಿಯ ಫಲಕಕ್ಕೂ ಶಾಲೆಗಳಿಗೂ ತಲುಪಿಸಲಿ. ಬಂಡೆಗೆ ಸಿಕ್ಕಿ ಮೀನು ಕೊಲ್ಲುತ್ತಲೇ ಇರುವ ಹರಿದ ಬಲೆಗಳನ್ನು ತೆಗೆಯುವ ಕೆಲಸವೂ ಇದೇ ಸಂಘದ್ದಾಗಲಿ. ಘಟ್ಟದ ಮೇಲಿನ ವಿದ್ಯಾರ್ಥಿಗಳು ನೀರಿಗಿಳಿಯದೆಯೂ ಸದಸ್ಯರಾಗಬಹುದು: ತಮ್ಮೂರ ಹಳ್ಳದ ಕಲಕನ್ನು ಮಳೆಯ ಜೊತೆಗೆ ಬರೆದು ಕಳಿಸಬಹುದು, ಊರ ಕ್ವಾರಿ ಹೊಂಡಗಳನ್ನು ಪಟ್ಟಿಮಾಡಿ ಬೇಲಿಗಾಗಿ ಒತ್ತಾಯಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಇದನ್ನು ಓದಿ ಯಾವ ಹುಡುಗನೂ ಕ್ವಾರಿ ಹೊಂಡಕ್ಕೋ ಜಲಾಶಯಕ್ಕೋ ಇಳಿಯುವ ಸಾಹಸ ಮಾಡಬಾರದು. ಸಂಘವೆಂದರೆ ಮೊದಲು ಶಿಸ್ತು, ಆಮೇಲೆ ನೀರು.

ನೀರಿನ ಜೀವಿಗಳನ್ನು ಊರೇ ನಿಂತು ಕಾಯುವುದು ಪಶ್ಚಿಮಘಟ್ಟಕ್ಕೆ ಹೊರಗಿನಿಂದ ಬಂದ ಪಾಠವಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಮೀನುಗಳಿಗೆ ವಿಷವಿಕ್ಕಿದಾಗ ಊರು ಮರುಗಿತು. ಸತ್ತ ಮೀನುಗಳಿಗಾಗಿ ಅಲ್ಲಿ ಸ್ಮಾರಕವೇ ಇದೆ. ಅಲ್ಲಿ ಅನ್ಯಾಯವಾದುದು ಊರಿಗೆ ತಿಳಿದದ್ದು ಮೀನುಗಳು ದಂಡೆಯಿಂದಲೇ ಕಾಣುತ್ತಿದ್ದುದರಿಂದ. ನೇತ್ರಾಣಿಯ ಹವಳ ದಂಡೆಯಿಂದ ಕಾಣುವುದಿಲ್ಲ. ಅದು ಸತ್ತರೆ ತೇಲಿ ಬರುವುದೂ ಇಲ್ಲ. ಅಲ್ಲಿಗಿಳಿದು, ಎಣಿಸಿ, ಮೇಲೆ ಬಂದು ಊರಿಗೆ ಹೇಳುವವರು ಬೇಕು. ಮುಂದಿನ ಮಳೆಗಾಲ ಕಳೆದು ದೋಣಿಗಳು ಮತ್ತೆ ಹೊರಡುವ ಮೊದಲು ಆ ಕೆಲಸಕ್ಕೆ ಹತ್ತು ಜನ ಸ್ಥಳೀಯರು ಸಿದ್ಧರಾದರೂ ಸಾಕು, ಮೊದಲ ಪುಟ ಬರೆದಂತಾಗುತ್ತದೆ.